ಆರಬಾ ಆಂಟಿಯ ಮುಖಕ್ಕೆ ಹಸಿರು ಬೆಳಕು

ಆ ದೀಪ ಸ್ವಲ್ಪ ಸಣ್ಣ ಮಾಡಿ, ಹೇಳುತ್ತೇನೆ. ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗ ಎಬೊಗೆ ಆದದ್ದು, ಇದೇ ವಿನೆಬಾದ ಕಡಲ ಕೇರಿಯಲ್ಲಿ.

ಎಬೊ ವಿಡಿಯೊ ಟೆಂಟಿಗೆ ಪೋಸ್ಟರ್ ಬರೆಯುತ್ತಿದ್ದ. ಹಿಟ್ಟಿನ ಚೀಲ ಬಿಚ್ಚಿ ಹೊಲಿದು, ಅದರ ಮೇಲೆ ಎಣ್ಣೆಬಣ್ಣ. ಒಳ್ಳೆಯವರ ಮುಖಕ್ಕೆ ಬೆಳಕು ಮೇಲಿನಿಂದ, ಕೆಟ್ಟವರಿಗೆ ಕೆಳಗಿನಿಂದ. ಗದ್ದ ಬೆಳಗಿ ಕಣ್ಣು ಕತ್ತಲಾದರೆ ಸಾಕು, ಜನ ಹೆದರಿಕೊಂಡೇ ಒಳಗೆ ಬರುತ್ತಾರೆ ಅನ್ನುತ್ತಿದ್ದ. ಆ ಸಲ ಮಾಟಗಾತಿಯ ಸಿನಿಮಾ. ಯಾರ ಮುಖ ಹಾಕಿದ ಗೊತ್ತೇ? ಪಕ್ಕದ ಮನೆಯ ಆರಬಾ ಆಂಟಿಯದು. ಮೀನಿಗೆ ಹೊಗೆ ಹಾಕುವ ಒಲೆಯ ಮುಂದೆ ಜೀವಮಾನವಿಡೀ ಬಗ್ಗಿ ಕೂತ ಹೆಂಗಸು. ಸತ್ತು ಇನ್ನೂ ಶವಾಗಾರದ ಮಂಜುಗಡ್ಡೆಯಲ್ಲೇ ಇದ್ದಳು. ನೆಂಟರೆಲ್ಲ ಸೇರುವ ತನಕ ಹೂಳುವ ಹಾಗಿಲ್ಲವಲ್ಲ. ಒಲೆಯ ಬೆಳಕಿನಲ್ಲಿ ದಿನಾ ನೋಡಿದ ಆ ಮುಖವನ್ನೇ ಬರೆದು, ಕೆಂಪು ಬೆಂಕಿಯನ್ನು ಹಸಿರು ಮಾಡಿ, ಬಾಯಿಂದ ಹುಳ ಸುರಿಸಿದ. ಥೂ, ಅವನ ಕೈ ಸೇದಿಹೋಗ.

ಆಂಟಿಯ ಮಗಳು ಎಕುವಾ ಬಂದಳು. ಅಳಲೂ ಇಲ್ಲ.

"ಅಣ್ಣಾ, ಅಮ್ಮ ಮಾಟಗಾತಿ ಅಂತ ಮಾತಾಡ್ಕೊಳ್ತಿದಾರೆ. ಹೀಗಾದ್ರೆ ಮಣ್ಣಿಗೆ ಯಾರೂ ಬರಲ್ಲ. ಅಳಿಸಿಬಿಡು."

ಎಬೊ ಹಲ್ಲು ಕಿರಿದು, ಈ ಸಿನಿಮಾ ಮುಗಿಯಲಿ, ಆಮೇಲೆ ನೋಡೋಣ ಅಂದ.

ಅವತ್ತು ಕೊನೆ ಆಟ ಬಿಟ್ಟ ಮೇಲೆ ಬಾವಿಯ ದಾರಿಯಲ್ಲಿ ಬರುತ್ತಿದ್ದ. ಕರೆಂಟಿಲ್ಲ. ಬಾವಿಯ ಪಕ್ಕ... ಚರ್... ಚರ್... ಮೀನಿನ ಹುರುಪೆ ಕೆರೆಯುವ ಸದ್ದು. ಹಿಂದೆಯೇ ಕೊಳೆತ ಮೀನಿನ ನಾತ, ಗಂಟಲಿಗೇ ಇಳಿಯುವಂಥದ್ದು. ಯಾರೋ ಬಗ್ಗಿ ಕೂತಿದ್ದಾರೆ. ನೆಲದಲ್ಲಿ ದೀಪವಿಲ್ಲ. ಆದರೂ ಗದ್ದಕ್ಕೆ ಕೆಳಗಿನಿಂದ ಬೆಳಕು... ಹಸಿರು.

"ನನ್ನೊಲೆ ಬೆಂಕಿ ಯಾವತ್ತು ಹಸಿರಾಗಿತ್ತೋ, ಮಗಾ?"

ಪಿಸುದನಿ. ಬಾಯಿ ತೆರೆದಾಗ ಒಳಗಿನಿಂದ ಏನೋ ಉದುರಿತು... ಟಪ್... ಟಪ್...

ಎಬೊ ವಾಂತಿ ಮಾಡಿಕೊಳ್ಳುತ್ತಲೇ ಟೆಂಟಿಗೆ ಓಡಿದ. ಸೀಮೆಎಣ್ಣೆ ಸುರಿದು ಪೋಸ್ಟರ್ ಉಜ್ಜಿದ. ಎಂದೋ ಒಣಗಿದ್ದ ಬಣ್ಣ ಸತ್ತ ತೊಗಲಿನ ಹಾಗೆ ಮೆತ್ತಗೆ ಎದ್ದು ಬಂತಂತೆ. ಬೆಳಗಾಗುವಷ್ಟರಲ್ಲಿ ಚೀಲದ ಬಟ್ಟೆಯ ಮೇಲೆ ಮುಖವೇ ಇಲ್ಲ. ಎಕುವಾಳನ್ನು ಕರೆದು ತೋರಿಸಿದ. ಅವಳು ನೆಮ್ಮದಿಯಿಂದ ನೆಂಟರಿಗೆ ಹೇಳಿ ಕಳಿಸಿದಳು. ಜನ ಬಂದರು.

ಶನಿವಾರ ಹೆಣ ತಂದು, ಲೇಸಿನ ಬಟ್ಟೆ ಉಡಿಸಿ, ಕೊನೆಯ ದರ್ಶನಕ್ಕೆ ಬಂದು ಕೂತವರ ಮುಂದೆ ಹಿತ್ತಾಳೆ ಮಂಚದ ಮೇಲೆ ಮಲಗಿಸಿದೆವು. ಮಂಜು ಕರಗಿ ಗದ್ದದ ಮೇಲೆ ನೀರು ನಿಂತಿತ್ತು. ಎಕುವಾ ಬಿಳಿ ಬಟ್ಟೆಯಿಂದ ಒರೆಸಿದಳು. ಬಟ್ಟೆಗೆ ಹಸಿರು ಹತ್ತಿತು. ಎಣ್ಣೆಬಣ್ಣ, ಹಸಿಹಸಿ. ಮತ್ತೆ ಒರೆಸಿದಳು. ಮತ್ತೆ ಹಸಿರು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ಅವಳು ತಲೆ ಎತ್ತದೆ ಒರೆಸುತ್ತಲೇ ಇದ್ದಳು...

ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ಬಟ್ಟೆ ಹಿಂಡುವ ಬೋಗುಣಿ ಹಿಡಿದು ನಿಂತಿದ್ದವಳು ನಾನೇ.