ಹುಟ್ಟುಹಬ್ಬದ ಎಣ್ಣೆ

ಕುಶಾಲನಗರದ ಹೊರಗಿನ ವಾಟರ್ ಪಾರ್ಕಿನ ಸಾಲಿನಲ್ಲಿ ವೀಣಾಳ ಮುಂದೆ ಒಬ್ಬ ಅಜ್ಜಿಯೂ ಮೊಮ್ಮಗಳೂ ನಿಂತಿದ್ದರು. ಹುಡುಗಿಯ ನೆತ್ತಿಯಿಂದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿತ್ತು.

"ಬೋರ್ಡ್ ನೋಡಜ್ಜಿ. ತಲೆಗೆ ಎಣ್ಣೆ ಹಚ್ಚಿದೋರು ನೀರಿಗೆ ಇಳಿಯಂಗಿಲ್ವಂತೆ."

"ಹುಟ್ಟಿದಬ್ಬದ ದಿನ ನೆತ್ತಿಗೆ ಎಣ್ಣೆ ಇಕ್ದೆ ಕಳ್ಸಕಾಯ್ತದಾ?"

"ನೀನು ಇಕ್ಕಿಲ್ಲ, ಸುರ್ದಿದೀಯ. ತಲೆ ಮೇಲೆ ದೋಸೆ ಹುಯ್ಬೋದು."

"ಹುಯ್ಯಿ. ಈ ಪಾರ್ಕಿನ ತಿಂಡಿಗಿಂತ ಚೆನ್ನಾಗಿರ್ತದೆ."

"ಒಳಗೆ ಬಿಡ್ಲಿಲ್ಲ ಅಂದ್ರೆ ನಿನ್ ಜೊತೆ ಮಾತೇ ಆಡಲ್ಲ."

"ಸಂಜೆಗಂಟ ನೆಮ್ಮದಿ."

"ಅಜ್ಜೀ! ಆ ಜಾರುಬಂಡೆಗೇ ಅಂತ ವರ್ಷವೆಲ್ಲ ಕಾದಿದೀನಿ."

ಹುಡುಗಿಯ ದನಿ ಒಡೆಯಿತು. ಅಜ್ಜಿ ಗೇಟಿನವನನ್ನು ಕರೆದು ಕೇಳಿದರು. ಶಾಂಪೂ ಹಾಕಿ ತಲೆ ತೊಳೆದುಕೊಂಡರೆ ಬಿಡುತ್ತೇವೆಂದು ಅವನು ನಲ್ಲಿ ತೋರಿಸಿದ.

"ಶಾಂಪೂನಾ? ಕೂದ್ಲೆಲ್ಲ ಉದುರೋಗ್ತದೆ!"

"ಉದುರ್ಲಿ ಬಿಡು. ಆಮೇಲೆ ಎಣ್ಣೆ ಖರ್ಚೂ ಉಳೀತದೆ."

ಅಜ್ಜಿ ನಗು ತಡೆಯುತ್ತ ಪಕ್ಕದ ಅಂಗಡಿಯಿಂದ ಶಾಂಪೂ ಪ್ಯಾಕೆಟ್ ತಂದರು.

"ಎರಡ್ಯಾಕಜ್ಜಿ?"

"ಅಷ್ಟೆತ್ತರದಿಂದ ನಿನ್ನೊಬ್ಳನ್ನೇ ಜಾರಕ್ಕೆ ಬಿಡ್ತೀನಾ? ನನ್ ತಲೇಲೂ ಎಣ್ಣೆ ಅದೆ, ನಡಿ."

ಇಬ್ಬರೂ ಸಾಲು ಬಿಟ್ಟು ನಲ್ಲಿಯ ಕಡೆ ನಡೆದರು.