ಒಳಕೋಣೆಯ ಸ್ಪೆಷಲ್ ಊಟ

ನೋಡಿ, ನಮಗೆ ಇಂಗ್ಲಿಷ್ ಬರುವುದಿಲ್ಲ ಅನ್ನುತ್ತೀರಿ. ಆದರೆ ಒಂದು ಮಾತು ಹಲ್ಲಿಲ್ಲದ ಅಜ್ಜಿಗೂ ಬರುತ್ತದೆ, ಎಮ್ಮೆ ಕಾಯುವವನಿಗೂ ಬರುತ್ತದೆ. ಯಾವುದು? ಸ್ಪೆಷಲ್. ಚಹಾದ ಅಂಗಡಿಯಲ್ಲಿ ಸ್ಪೆಷಲ್ ಅಂದರೆ ಹಾಲು ಜಾಸ್ತಿ. ಬಸ್‌ಸ್ಟ್ಯಾಂಡಿನಲ್ಲಿ ಸ್ಪೆಷಲ್ ಅಂದರೆ ನಿಮ್ಮೂರಿನಲ್ಲಿ ನಿಲ್ಲದ ಬಸ್ಸು. ಶಾಲೆಯಲ್ಲಿ ಸ್ಪೆಷಲ್ ಕ್ಲಾಸು ಯಾರಿಗೆ? ಲೆಕ್ಕ ತಲೆಗೆ ಹತ್ತದವರಿಗೆ. ಆಸ್ಪತ್ರೆಯಲ್ಲಿ ಸ್ಪೆಷಲ್ ವಾರ್ಡು ಯಾರಿಗೆ? ಅದು ಯಾರಿಗೂ ಬೇಡಪ್ಪ. ಒಂದೇ ಮಾತು, ಹೋದಲ್ಲೆಲ್ಲ ಬೇರೆ ಅರ್ಥ. ಆದರೆ ಪಕ್ಕದವನಿಗೆ ಸ್ಪೆಷಲ್ ಅಂತ ಕಿವಿಗೆ ಬಿದ್ದರೆ ಸಾಕು, ನಮಗೆ ಹೊಳೆಯುವುದು ಒಂದೇ ಅರ್ಥ. ಅವನಿಗಿದೆ, ನನಗಿಲ್ಲ.

ಒಬ್ಬ ಸಾಹುಕಾರ ಇದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂತ ತಿಳಿಯಿರಿ. ಮನೆ ತುಂಬ ಸಂಪತ್ತು ಇತ್ತು, ಆದರೆ ಹೊಟ್ಟೆಯಲ್ಲಿ ಒಂದು ಮುಳ್ಳೂ ಇತ್ತು. ಆ ಮುಳ್ಳಿನ ಹೆಸರು ಅಂದಾನೆಪ್ಪ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಅಂದಾನೆಪ್ಪನ ಅಕ್ಷರ ಚೆಂದ, ಇವನದು ಕಾಗೆ ಕಾಲು. ಅಂದಾನೆಪ್ಪ ಹಾಡಿದರೆ ಮಾಸ್ತರರು ಕಣ್ಣು ಮುಚ್ಚುತ್ತಿದ್ದರು, ಇವನು ಹಾಡಿದರೆ ಕಿವಿ ಮುಚ್ಚುತ್ತಿದ್ದರು. ಮುಂದೆ ಅಂದಾನೆಪ್ಪ ವ್ಯಾಪಾರಕ್ಕೆಂದು ದೂರದ ಊರಿಗೆ ಹೋದ. ಮನುಷ್ಯ ಹೋದ, ಮುಳ್ಳು ಹೋಗಲಿಲ್ಲ.

ಆ ಊರಲ್ಲಿ ಬಾಳವ್ವ ಎಂಬ ವಿಧವೆಯ ಮಗಳ ಮದುವೆ. ಗಂಡನಿಲ್ಲದ ಹೆಂಗಸು ಹತ್ತು ಮನೆಗೆ ರೊಟ್ಟಿ ಬಡಿದು ಕೂಡಿಸಿದ ಮದುವೆ. ಪಂಕ್ತಿ ಕೂತಿತು. ಬೀಗರ ಪಕ್ಕದಲ್ಲೇ ಸಾಹುಕಾರನಿಗೆ ಎಲೆ. ಆಗ ಹೆಂಡತಿಯೊಡನೆ ಬಂದ ನೋಡಿ ಅಂದಾನೆಪ್ಪ. ಬಿಳಿ ಧೋತರ, ಜರಿ ರುಮಾಲು. ಬಾಳವ್ವ ಓಡಿ ಹೋಗಿ ಕೈಮುಗಿದು ಅವನನ್ನು ಒಳಕೋಣೆಗೆ ಕರೆದೊಯ್ದಳು. ಹಿಂದೆಯೇ ಬಡಿಸುವವನು ಮುಚ್ಚಳ ಹಾಕಿದ ಬೆಳ್ಳಿ ಬಟ್ಟಲು ಒಯ್ದ.

ಸಾಹುಕಾರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬಡಿಸುವವನು ಹೊರಗೆ ಬಂದಾಗ ತಡೆದು ಕೇಳಿದ, “ಏನೋ ಅದು, ಒಳಗ ಒಯ್ದದ್ದು?”

“ಅದು ಅಂದಾನೆಪ್ಪನವರಿಗೆ ಸ್ಪೆಷಲ್ ರೀ,” ಅಂದ ಅವನು, ದನಿ ತಗ್ಗಿಸಿ.

ಮುಗಿಯಿತು. ಎಲೆಯಲ್ಲಿ ಹೋಳಿಗೆ ಇದೆ, ತುಪ್ಪ ಇದೆ, ಬದನೆಕಾಯಿ ಎಣ್ಣೆಗಾಯಿ ಇದೆ. ಆದರೆ ಒಂದೂ ಕಾಣುತ್ತಿಲ್ಲ. ಕಾಣುತ್ತಿರುವುದು ಮುಚ್ಚಿದ ಬಟ್ಟಲು ಒಂದೇ. ಬಂಗಾರ ಕೊಟ್ಟರೂ ಆ ಹೊತ್ತಿನಲ್ಲಿ ಅವನಿಗೆ ಬೇಡ, ಆ ಬಟ್ಟಲು ಬೇಕು. ಎದ್ದುಬಿಟ್ಟ.

ನಿಮಗೆ ಗೊತ್ತು, ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯದೆ ಒಬ್ಬ ಏಳಬಾರದು. ಎದ್ದರೆ ಉಳಿದವರೂ ಊಟ ಬಿಡುತ್ತಾರೆ. ಬೀಗರು ಗಾಬರಿಯಾಗಿ ಕೇಳಿದರು, “ಯಾಕ್ರೀ ಸಾವಕಾರ್ರ, ಎದ್ರಿ?”

ಹೊಟ್ಟೆಕಿಚ್ಚಾಯಿತು ಅಂತ ಯಾರಾದರೂ ಹೇಳುತ್ತಾರೆಯೇ? ನೀವು ಹೇಳುತ್ತೀರಾ? ಅವನು ಅಂದ, “ಏನಿಲ್ಲ ಬಿಡ್ರಿ. ಈ ಊಟ ನನಗ ಇಳಿಯಂಗಿಲ್ಲ.”

ಅಷ್ಟು ಸಾಕಾಯಿತು. ದೊಡ್ಡವರು ಎದ್ದರು ಅಂದ ಮೇಲೆ ಅಡುಗೆಯಲ್ಲಿ ಏನೋ ಬಿದ್ದಿರಬೇಕು ಅಂದರು. ಮಾತು ಸಾಲಿನ ಆ ತುದಿಗೆ ಹೋಗುವಷ್ಟರಲ್ಲಿ ಸಾರಿನಲ್ಲಿ ಹಲ್ಲಿ ಬಿದ್ದಿತ್ತು. ಬೀಗರು ಎದ್ದರು, ಇಡೀ ಸಾಲು ಎದ್ದಿತು. ಹೆಣ್ಣು ಕೊಟ್ಟವರ ಮನೆಯಲ್ಲಿ ವಿಷದ ಅಡುಗೆ ಅಂದರೆ ಆ ಹುಡುಗಿಯ ಗತಿ ಏನು? ಬಾಳವ್ವ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತಳು.

ಇತ್ತ ಸಾಹುಕಾರ ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಒಳಕೋಣೆಯ ಬಾಗಿಲು ಅರೆ ತೆರೆದಿತ್ತು. ಇಣುಕದೆ ಇರುತ್ತಾನೆಯೇ? ಇಣುಕಿದ.

ಅಂದಾನೆಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಬೆಳ್ಳಿ ಬಟ್ಟಲಿನಲ್ಲಿ ಉಪ್ಪಿಲ್ಲದ ಅಕ್ಕಿ ಗಂಜಿ. ಹೆಂಡತಿ ಚಮಚದಲ್ಲಿ ಹಾಕುತ್ತಿದ್ದಳು. ಅರ್ಧ ಇಳಿಯುತ್ತಿತ್ತು, ಅರ್ಧ ಕೆಮ್ಮಿನೊಡನೆ ಹೊರಗೆ ಬರುತ್ತಿತ್ತು. ಗಂಟಲಿಗೆ ದೊಡ್ಡ ರೋಗ. ನಾಲ್ಕು ಜನರ ಮುಂದೆ ಕೂತು ಉಣ್ಣಲು ನಾಚಿಕೆ.

ಬಾಗಿಲ ಸದ್ದಿಗೆ ತಿರುಗಿ ನೋಡಿದ. ಹಾಡುತ್ತಿದ್ದ ಆ ಗಂಟಲಿನಿಂದ ಗಾಳಿಯಂಥ ದನಿ ಬಂತು. “ಬಾರೋ. ನೀ ಸಾಲಿನಾಗ ಕುಂತು ಹೋಳಿಗಿ ಮುರಿಯೂದು ಬರೂವಾಗ ನೋಡಿದ್ನಿ. ಖರೇ ಹೇಳ್ತೀನಿ, ನನಗ ಹೊಟ್ಟಿಕಿಚ್ಚಾತು. ಹೋಗು, ಕುಂತು ಉಣ್ಣು.”

ಎಲ್ಲಿ ಉಣ್ಣುವುದು? ಎದ್ದ ಎಲೆಗೆ ಮತ್ತೆ ಕೂರುವಂತಿಲ್ಲ. ಸಾಹುಕಾರ ಎಂಜಲು ಕೈಯಲ್ಲೇ ಚಪ್ಪರಕ್ಕೆ ಬಂದು ಬೀಗರ ಮುಂದೆ ನಿಂತ.

“ಬೀಗರ, ಅಡಗಿಯೊಳಗ ಏನೂ ಬಿದ್ದಿಲ್ಲ. ನನ್ನ ಹೊಟ್ಟಿಯೊಳಗ ಕಿಚ್ಚು ಬಿದ್ದಿತ್ತು. ಅಂದಾನೆಪ್ಪಗ ಸ್ಪೆಷಲ್ ಅಂದ್ರು, ನನಗಿಲ್ಲ ಅಂತ ಎದ್ದೆ. ಆ ತಾಯಿದು ಏನೂ ತಪ್ಪಿಲ್ಲ.”

ಕೆಲವರು ನಕ್ಕರು. ನಗಲಿ ಅಂತ ನಿಂತ. ನಂತರ ಕೈ ತೊಳೆದು, ಬಾಳವ್ವನ ಸಾರಿನ ಪಾತ್ರೆಗೆ ತಾನೇ ಸೌಟು ಹಾಕಿ, ಲೋಟಕ್ಕೆ ಬಗ್ಗಿಸಿಕೊಂಡು ಎಲ್ಲರೆದುರು ಕುಡಿದ. ಬೀಗರು ಅವನ ಮುಖ ನೋಡಿದರು, “ಹೊಸ ಎಲಿ ಹಾಕ್ರಿ,” ಅಂದರು. ಸಾಹುಕಾರ ಹೆಗಲ ಮೇಲಿನ ವಲ್ಲಿ ಸೊಂಟಕ್ಕೆ ಸುತ್ತಿಕೊಂಡು ಇಡೀ ಸಾಲಿಗೆ ಬಡಿಸಿದ. ತಾನು ಉಂಡದ್ದು ಕಡೆಯಲ್ಲಿ, ಒಳಕೋಣೆಯಲ್ಲಿ, ಅಂದಾನೆಪ್ಪನ ಪಕ್ಕ.

ಈಗ ನಗುತ್ತಿದ್ದೀರಿ. ಸರಿ, ನಿಮ್ಮ ಮನೆಗೆ ಬರೋಣ. ಪಕ್ಕದ ಮನೆ ಹುಡುಗಿಗೆ ಒಳ್ಳೆ ಗಂಡು ಗೊತ್ತಾದಾಗ, “ಹುಡುಗ ಸ್ವಲ್ಪ ಕುಡೀತಾನಂತ” ಅಂದವರು ಯಾರು? ಎದುರಿನ ಅಂಗಡಿಗೆ ಗಿರಾಕಿ ಹೆಚ್ಚಾದಾಗ, “ಎಣ್ಣಿ ಕಲಬೆರಕಿ ಅಂತ” ಅಂದವರು ಯಾರು? ತಂಗಿ ಹೊಸ ಸೀರೆ ಉಟ್ಟು ಬಂದಾಗ, “ಬಣ್ಣ ನಿಲ್ಲಂಗಿಲ್ಲ ಬಿಡು” ಅಂದವರು ಯಾರು? ಅವೆಲ್ಲ ಹಲ್ಲಿಗಳು ಕಣ್ರಪ್ಪ. ನಮ್ಮ ಹೊಟ್ಟೆಯ ಕಿಚ್ಚನ್ನು ಮುಚ್ಚಿಡಲು ಮಂದಿಯ ಸಾರಿನಲ್ಲಿ ನಾವು ಬಿಟ್ಟ ಹಲ್ಲಿಗಳು. ನಾಳೆಯಿಂದ ಆ ಚಾಳಿ ಬಿಡಿ. ಹೊಟ್ಟೆಕಿಚ್ಚೇ ಬರಬಾರದು ಅಂತ ನಾನು ಹೇಳುವುದಿಲ್ಲ, ಬರುತ್ತದೆ. ಬಂದಾಗ ಅವರ ಅಡುಗೆಗೆ ಕೆಟ್ಟ ಹೆಸರಿಡಬೇಡಿ, ನೇರ ಅವರ ಹತ್ತಿರ ಹೋಗಿ.

ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದಕ್ಕೆ ಕೂರುತ್ತೀರಿ. ಯಾರನ್ನು ಕಂಡರೆ ನಿಮಗೆ ಆಗುವುದಿಲ್ಲವೋ ಇವತ್ತು ಅವನ ಪಕ್ಕದಲ್ಲೇ ಕೂತುಕೊಳ್ಳಿ. “ನಿನ್ನ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ ಮಾರಾಯ” ಅಂತ ಬಾಯಿಬಿಟ್ಟು ಹೇಳಿ. ಅವನೂ ಒಂದು ಮಾತು ಹೇಳುತ್ತಾನೆ. ಅದನ್ನು ಪೂರ್ತಿ ಕೇಳಿಸಿಕೊಳ್ಳಿ, ಮಧ್ಯದಲ್ಲಿ ಏಳಬೇಡಿ.