ಸ್ಪೀಕರ್ ಕಣ್ಣಿಗೆ ಬೀಳುವುದು

ಶನಿವಾರ ನಮ್ಮ ಯಾರ್ಕ್‌ಶೈರ್ ಊರಿನಲ್ಲಿ ಬಿಸಿ ಮಾಂಸದ ಪೈ ಮಾರುವ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ವಿನಿಫ್ರೆಡ್ ಇದ್ದರು. ಅವರ ಗಂಡ ಇಪ್ಪತ್ತಾರು ವರ್ಷ ನಮ್ಮ ಸಂಸದರಾಗಿದ್ದು ಈ ಬೇಸಿಗೆಯಲ್ಲಷ್ಟೇ ನಿವೃತ್ತರಾದವರು. ಜೊತೆಗೆ ಅವರ ನೆರೆಮನೆಯ ಐರಿಸ್.

“ಏನ್ರೀ ವಿನಿ, ಯಜಮಾನ್ರು ಮನೇಲಿ ಸುಮ್ನೆ ಕೂತ್ಕೋತಾರಾ?” ಎಂದು ಐರಿಸ್ ಕೇಳಿದರು.

“ಕೂತ್ಕೊಳ್ಳೋದೆಲ್ಲಿ ಬಂತು? ಮಾತಾಡ್ಬೇಕು ಅಂದ್ರೆ ಎದ್ದು ನಿಲ್ತಾರೆ. ನಿನ್ನೆ ಊಟದಲ್ಲಿ ಉಪ್ಪು ಬೇಕಿತ್ತು, ಅದಕ್ಕೂ ಎದ್ರು.”

“ಅಯ್ಯೋ, ಯಾಕೆ?”

“ಪಾರ್ಲಿಮೆಂಟಲ್ಲಿ ಹಾಗೇ ಅಲ್ವಾ? ಎದ್ದು ನಿಂತು, ಸ್ಪೀಕರ್ ಕಣ್ಣಿಗೆ ಬಿದ್ದು, ಅವ್ರು ಹೆಸರು ಕರೆದ್ಮೇಲೇ ಬಾಯಿ ಬಿಡ್ಬೇಕು.”

“ಹಾಗಾದ್ರೆ ಮನೇಲಿ ಸ್ಪೀಕರ್ ನೀವೇ ಅನ್ನಿ!”

“ಮತ್ತಿನ್ಯಾರು?”

“ಎದ್ದ ತಕ್ಷಣ ಕರೀತೀರಾ?”

“ಅಷ್ಟು ಸುಲಭಾನಾ? ಇವ್ರು ಬರೋ ಲಂಡನ್ ರೈಲು ತಡ ಅಂತ ವಾರವಾರ ನಾನೆಷ್ಟು ಕಿಟಕಿ ಹತ್ರ ನಿಂತಿಲ್ಲ! ಅವ್ರೂ ಸ್ವಲ್ಪ ನಿಲ್ಲಲಿ.”

ಅಂಗಡಿಯವನು ಎರಡು ಪೈ ಕಟ್ಟಿಕೊಟ್ಟ. ಬಾಗಿಲವರೆಗೆ ಹೋದ ವಿನಿಫ್ರೆಡ್ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಓಡ್ಬೇಕು ಐರಿಸ್. ನಾನು ಹೊರಡುವಾಗ ಏನೋ ಹೇಳೋಕೆ ಎದ್ದಿದ್ರು. ಹೆಸರು ಕರೆಯದೇ ಬಂದ್ಬಿಟ್ಟೆ!”